ಕೋಡಿಬಾಗದ ಐದು ಪೆಟ್ಟಿಗೆಗಳು: ಮಳೆಗಾಲದಲ್ಲಿ ಲೆಗೊ ಗೇಮ್ ಸೆಟ್‌ಗಳಿಗೆ ಆದದ್ದೇನು?

ಕಾರವಾರದಲ್ಲಿ ಕಾಳಿ ನದಿ ಸಮುದ್ರ ಸೇರುವ ಕೋಡಿಬಾಗದ ಬದಿಯ ಒಂದು ಮನೆ. ಮಹಡಿಯ ಕೋಣೆಯಲ್ಲಿ ಪಶ್ಚಿಮದ ಗೋಡೆಗೆ ತಾಗಿ ಒಂದು ಕಪಾಟು, ಅದರ ಮೇಲೆ ಐದು ದೊಡ್ಡ ರಟ್ಟಿನ ಪೆಟ್ಟಿಗೆ. ಐದೂ ವಿಡಿಯೋ ಗೇಮ್ ಆಧರಿಸಿದ ಲೆಗೊ ಸೆಟ್‌ಗಳು, ಅಂದರೆ ಪುಟ್ಟ ಪ್ಲಾಸ್ಟಿಕ್ ಇಟ್ಟಿಗೆಗಳನ್ನು ಒಂದಕ್ಕೊಂದು ಸಿಕ್ಕಿಸಿ ಕಟ್ಟುವ ಆಟಿಕೆಗಳು. ಯಾವುದರ ಸೀಲೂ ಒಡೆದಿರಲಿಲ್ಲ. ಕೊಂಡವನು ಮನೆಯ ಹಿರಿಯ ಮಗ, ಸರಕು ಹಡಗಿನಲ್ಲಿ ಇಂಜಿನಿಯರ್. ಜೋಪಾನ ಮಾಡುತ್ತಿದ್ದವರು ಅವನ ಅಪ್ಪ. ದಿನಾ ಶಾಲೆಯಿಂದ ಬಂದು ತಲೆಯೆತ್ತಿ ನೋಡುತ್ತಿದ್ದವನು ತಂಗಿಯ ಮಗ, ನಾನು ಕಲಿಸುವ ಶಾಲೆಯ ಆರನೇ ತರಗತಿಯ ಹುಡುಗ. ಮಳೆಗಾಲ ಇಳಿಮುಖವಾಗುವ ಹೊತ್ತಿಗೆ ಪೆಟ್ಟಿಗೆಗಳ ಮೇಲೆ ಬೂಷ್ಟು ಎದ್ದಿತ್ತು. ಮನೆಯಲ್ಲಿ ಮಾತು ಬೆಳೆದಿತ್ತು. ನಾನು ಈ ಇಟ್ಟಿಗೆಗಳ ಹುಚ್ಚಿನವಳು ಎಂದು ಮಕ್ಕಳಿಗೆಲ್ಲ ಗೊತ್ತು. ಹುಡುಗ ಮನೆಯಲ್ಲಿ ಹೇಳಿದ, ಅವನ ತಾಯಿ ಕರೆ ಕಳಿಸಿದರು. ಮನೆಯವರ ಒಪ್ಪಿಗೆ ಪಡೆದು, ಹೆಸರು ಬಿಟ್ಟು, ಈ ಪ್ರಕರಣವನ್ನು ಇಡಿಯಾಗಿ ಬರೆಯುತ್ತಿದ್ದೇನೆ. ಹೊನ್ನಾವರದಿಂದ ಸದಾಶಿವಗಡದವರೆಗೆ ಇಂಥ ಪೆಟ್ಟಿಗೆ ಇಟ್ಟುಕೊಂಡವರು ಈಗ ಹಲವರಿದ್ದಾರೆ. ಅವರ ಕೆಲಸಕ್ಕೆ ಬರಲಿ.

ಪೆಟ್ಟಿಗೆಗಳಲ್ಲಿ ಇದ್ದದ್ದು

ಎಲ್ಲಕ್ಕಿಂತ ಕೆಳಗಿದ್ದದ್ದು ಪ್ಯಾಕ್-ಮ್ಯಾನ್ ಆರ್ಕೇಡ್, ಅಂದರೆ ನಾಣ್ಯ ಹಾಕಿ ಆಡುವ ಗೇಮ್ ಯಂತ್ರದ ಮಾದರಿ, 2023ರ ಸೆಟ್, 2,651 ಬಿಡಿಭಾಗ. ಅದರ ಮೇಲೆ 2020ರ ನಿಂಟೆಂಡೊ ಎಂಟರ್‌ಟೈನ್‌ಮೆಂಟ್ ಸಿಸ್ಟಮ್ ಎಂಬ ಹಳೆಯ ಗೇಮ್ ಯಂತ್ರದ ಮಾದರಿ, 2,646 ಭಾಗ. ಮೂರನೆಯದು 2021ರ ಸೂಪರ್ ಮಾರಿಯೊ 64 ಪ್ರಶ್ನಾರ್ಥಕ ಚಿಹ್ನೆಯ ಹಳದಿ ಪೆಟ್ಟಿಗೆ, 2,064 ಭಾಗ. ನಾಲ್ಕನೆಯದು ಸೋನಿಕ್ ಎಂಬ ಗೇಮ್ ನಾಯಕನ ಗ್ರೀನ್ ಹಿಲ್ ಜೋನ್, 2022ರದು, 1,125 ಭಾಗ. ತುತ್ತತುದಿಯಲ್ಲಿ ಅದೇ 2022ರ, ಅಟಾರಿ 2600 ಎಂಬ ಹಳೆಯ ಗೇಮ್ ಯಂತ್ರದ ಮಾದರಿ, 2,532 ಭಾಗ. ಒಟ್ಟು ಹನ್ನೊಂದು ಸಾವಿರ ಬಿಡಿಭಾಗಗಳು, ಒಂದಕ್ಕೊಂದು ಕೂಡದೆ ಚೀಲಗಳಲ್ಲೇ ಕುಳಿತಿದ್ದವು.

ಇವನ್ನು ಕೊಂಡವನ ಮನಸ್ಸು ಅರ್ಥವಾಗದೆ ಪ್ರಕರಣ ಅರ್ಥವಾಗುವುದಿಲ್ಲ. ಅವನು ಚಿಕ್ಕವನಿದ್ದಾಗ ನಮ್ಮ ಊರುಗಳಿಗೆ ನಿಂಟೆಂಡೊ ಎಂಬ ಹೆಸರು ಬಂದಿರಲಿಲ್ಲ. ಬಂದದ್ದು ಅದರ ನಕಲು: ಟೀವಿಗೆ ಸಿಕ್ಕಿಸುವ ಅಗ್ಗದ ಯಂತ್ರ, ‘9999 ಇನ್ 1’ ಎಂದು ಬರೆದ ಹಳದಿ ಕ್ಯಾಸೆಟ್. ಮಾರಿಯೊ ಅಣಬೆ ತಿಂದು ದೊಡ್ಡವನಾಗುವುದನ್ನು ಇಡೀ ಕೇರಿಯ ಮಕ್ಕಳು ಒಂದೇ ಟೀವಿಯ ಮುಂದೆ ಕೂತು ನೋಡಿದ ಕಾಲ ಅದು. ದೊಡ್ಡವನಾಗಿ ಹಡಗು ಹತ್ತಿ, ವಿದೇಶದ ಬಂದರಿನ ಅಂಗಡಿಯಲ್ಲಿ ಅದೇ ಯಂತ್ರ ಇಟ್ಟಿಗೆಯ ರೂಪದಲ್ಲಿ ಕಂಡಾಗ ಕೊಳ್ಳದೆ ಇರಲಾಗಲಿಲ್ಲ. ಇದು ಪ್ರೀತಿಯ ಖರೀದಿ. ಎರಡನೆಯ ಪೆಟ್ಟಿಗೆಯ ಹೊತ್ತಿಗೆ ಅದರ ಜೊತೆ ಒಂದು ಲೆಕ್ಕವೂ ಸೇರಿತು.

ಆ ಲೆಕ್ಕಕ್ಕೆ ಆಧಾರವಿಲ್ಲದೆ ಇಲ್ಲ. ರಷ್ಯಾದ ಇಬ್ಬರು ಅರ್ಥಶಾಸ್ತ್ರಜ್ಞೆಯರು 1987ರಿಂದ 2015ರವರೆಗಿನ ಎರಡು ಸಾವಿರಕ್ಕೂ ಹೆಚ್ಚು ಸೆಟ್‌ಗಳ ಮರುಮಾರಾಟದ ಬೆಲೆ ಹಿಡಿದು ನೋಡಿದಾಗ, ಸೀಲ್ ಒಡೆಯದ ಸೆಟ್‌ಗಳು ಸರಾಸರಿ ವರ್ಷಕ್ಕೆ ಶೇ. 11ರಷ್ಟು ಏರಿದ್ದವು. ಈ ಸುದ್ದಿ 2021ರಲ್ಲಿ ಪತ್ರಿಕೆಗಳಲ್ಲಿ ಓಡಾಡಿತು. ಹಡಗಿನಲ್ಲಿ ಕೂತು ಅದನ್ನು ಓದಿದವನು ಮನೆಗೆ ಫೋನ್ ಮಾಡಿ, ‘ಪೆಟ್ಟಿಗೆ ಯಾರೂ ಮುಟ್ಟಬೇಡಿ, ಮುಂದೆ ಹುಡುಗನ ಓದಿಗೇ ಆಯ್ತು’ ಎಂದ. ತಂಗಿಗೆ ಇದೇ ನೋವು. ಮಗನ ಹೆಸರಿನಲ್ಲಿ ಇಟ್ಟದ್ದನ್ನು ಮಗನೇ ಮುಟ್ಟುವ ಹಾಗಿಲ್ಲ. ಅವಳ ನೋವೂ ನ್ಯಾಯದ್ದೇ, ಅಣ್ಣನ ಮಾತೂ ಒಳ್ಳೆಯ ಮನಸ್ಸಿನದೇ.

ಆದರೆ ಸರಾಸರಿ ಎಂಬುದರ ಒಳಗೆ ದುಪ್ಪಟ್ಟಾದವೂ ಇರುತ್ತವೆ, ಕೊಂಡ ಬೆಲೆಗಿಂತ ಕೆಳಗಿಳಿದವೂ ಇರುತ್ತವೆ. ಅದಕ್ಕಿಂತ ಮುಖ್ಯವಾಗಿ, ಆ ಲೆಕ್ಕದಲ್ಲಿ ಪೆಟ್ಟಿಗೆ ಎಲ್ಲಿ ಇತ್ತು ಎಂಬ ಪ್ರಶ್ನೆಯೇ ಇಲ್ಲ. ಚೌಕ ಕೆಡದ, ಕಲೆಯಿಲ್ಲದ ಪೆಟ್ಟಿಗೆ ಎಂಬುದು ಅಲ್ಲಿ ಮೊದಲೇ ಒಪ್ಪಿಕೊಂಡ ಮಾತು. ಅರಬ್ಬಿ ಸಮುದ್ರದ ದಂಡೆಯಲ್ಲಿ ಹಾಗೆ ಒಪ್ಪಿಕೊಳ್ಳಲು ಬರುವುದಿಲ್ಲ.

ಹಾಳಾದದ್ದು ಹೇಗೆ

‘ಅಕ್ಕೋರೇ, ಒಂದು ಹನಿ ನೀರು ಬಿದ್ದಿಲ್ಲ. ಮೊದಲ ಮಳೆ ಬಂದ ದಿನವೇ ತಾಡಪತ್ರೆ ಸುತ್ತಿ ಹಗ್ಗ ಕಟ್ಟಿದ್ದೆ,’ ಎಂದರು ಅಜ್ಜ. ಅವರ ಮಾತು ನಿಜವಾಗಿತ್ತು. ಮಾಡು ಸೋರಿರಲಿಲ್ಲ, ಕಿಟಕಿಯಿಂದ ಎರಚಲೂ ಬಂದಿರಲಿಲ್ಲ.

ಕೆಡಿಸಿದ್ದು ತಾಡಪತ್ರೆಯೇ. ಜೂನ್ ಮೊದಲ ವಾರದ ಕಾರವಾರದ ಗಾಳಿಯಲ್ಲಿ ತೇವ ತುಂಬಿರುತ್ತದೆ. ಆ ಗಾಳಿಯನ್ನೇ ಒಳಗೆ ಹಿಡಿದು ಕಟ್ಟಿದಂತಾಯಿತು. ರಟ್ಟು ಮೊದಲೇ ಒಂದಿಷ್ಟು ತೇವ ಹೀರಿತ್ತು. ಹಗಲಿನ ಸೆಕೆಗೆ ಆ ತೇವ ಹೊರಬರುತ್ತದೆ, ರಾತ್ರಿ ತಂಪಿಗೆ ಪ್ಲಾಸ್ಟಿಕ್ಕಿನ ಒಳಮೈಯಲ್ಲಿ ಬೆವರಾಗಿ ಕೂರುತ್ತದೆ, ಮತ್ತೆ ರಟ್ಟಿಗೇ ಇಳಿಯುತ್ತದೆ. ಗಾಳಿಯ ಸಾಪೇಕ್ಷ ತೇವ ಶೇ. 70ರ ಮೇಲೆ ಬಹಳ ದಿನ ನಿಂತರೆ ಕಾಗದ, ರಟ್ಟು, ಅಂಟುಗಳ ಮೇಲೆ ಬೂಷ್ಟು ಬೆಳೆಯಲು ಅಷ್ಟೇ ಸಾಕು. ನಾನು ತೇವಮಾಪಕ ಇಟ್ಟು ನೋಡಿದ ಸಂಜೆ ಕೋಣೆಯಲ್ಲಿ 80 ದಾಟಿತ್ತು, ತಾಡಪತ್ರೆಯ ಒಳಗೆ 90ರ ಹತ್ತಿರವಿತ್ತು. ಪಶ್ಚಿಮದ ಗೋಡೆ ಮಳೆಗೆ ಹೊರಗಿನಿಂದ ನೆನೆದು ತಣ್ಣಗಿತ್ತು. ಪೆಟ್ಟಿಗೆಗಳ ಹಿಂಬದಿ ಆ ಗೋಡೆಗೇ ಒತ್ತಿತ್ತು.

ನಮ್ಮ ಮನೆಗಳಲ್ಲಿ ಹಪ್ಪಳ ಸಂಡಿಗೆಯನ್ನು ಕಡುಬಿಸಿಲಲ್ಲಿ ಒಣಗಿಸಿ, ಮಳೆಗೆ ಬಹಳ ಮುಂಚೆಯೇ ಬಿಗಿಮುಚ್ಚಳದ ಡಬ್ಬಿಗೆ ತುಂಬುವುದು ಇದೇ ಕಾರಣಕ್ಕೆ. ಒಣಗಿದ್ದಾಗ ಮುಚ್ಚಿದರೆ ಒಣಗೇ ಉಳಿಯುತ್ತದೆ, ತೇವವಿದ್ದಾಗ ಮುಚ್ಚಿದರೆ ತೇವವೇ ಉಳಿಯುತ್ತದೆ. ಅಜ್ಜನಿಗೆ ಇಷ್ಟು ಹೇಳಿದ ಕೂಡಲೇ ಎಲ್ಲ ಸ್ಪಷ್ಟವಾಯಿತು. ಅವರದು ಉದಾಸೀನ ಅಲ್ಲವೇ ಅಲ್ಲ. ಒಳಗೇನಿದೆ ಎಂದು ಕೂಡ ಸರಿಯಾಗಿ ಗೊತ್ತಿಲ್ಲದ ವಸ್ತುವನ್ನು, ಮಗನದು ಎಂಬ ಒಂದೇ ಕಾರಣಕ್ಕೆ ಅವರು ಕಾದಿದ್ದರು. ಈ ಮಾತನ್ನು ಮಗನಿಗೆ ಫೋನಿನಲ್ಲಿ ನಾನೇ ಹೇಳಿದೆ, ಹೇಳಲೇಬೇಕಿತ್ತು.

ಪೆಟ್ಟಿಗೆ ಪೆಟ್ಟಿಗೆಗೆ ಹಾನಿ ಬೇರೆ ಬೇರೆ. ಕೆಳಗಿನ ಪ್ಯಾಕ್-ಮ್ಯಾನ್ ಪೆಟ್ಟಿಗೆಯ ಮೇಲೆ ನಾಲ್ಕು ಪೆಟ್ಟಿಗೆಗಳ ಭಾರ. ಮೆತ್ತಗಾದ ರಟ್ಟು ಕುಸಿದು ಮೂಲೆಗಳು ಬಿರಿದಿದ್ದವು, ಹಿಂಬದಿಯ ಚಿತ್ರದ ಪದರ ಏಳುತ್ತಿತ್ತು. ನಿಂಟೆಂಡೊ ಪೆಟ್ಟಿಗೆಯ ಸೀಲ್‌ನ ಅಂಟು ಸಡಿಲಗೊಂಡು ಬಾಯಿ ತಾನಾಗಿಯೇ ತೆರೆದುಕೊಂಡಿತ್ತು. ಮಾರಿಯೊ 64ರ ಪೆಟ್ಟಿಗೆಯ ಒಂದು ಮುಖದಲ್ಲಿ ಮಾತ್ರ ಬೂಷ್ಟಿನ ಚುಕ್ಕೆ. ಸೋನಿಕ್ ಪೆಟ್ಟಿಗೆ ಉಬ್ಬಿ, ಚೌಕ ಕೆಟ್ಟಿತ್ತು. ತುದಿಯ ಅಟಾರಿ ಪೆಟ್ಟಿಗೆ ಹೆಚ್ಚುಕಡಿಮೆ ಹಾಗೆಯೇ ಇತ್ತು.

ಇಟ್ಟಿಗೆಗಳು?

ತೆರೆದುಕೊಂಡಿದ್ದ ನಿಂಟೆಂಡೊ ಪೆಟ್ಟಿಗೆಯ ಒಳಗೆ ಅಣ್ಣನ ಒಪ್ಪಿಗೆ ಪಡೆದು ಕೈ ಹಾಕಿದೆವು. ಕೈಪಿಡಿಯ ಪುಟಗಳು ಅಂಚಿನಲ್ಲಿ ಅಲೆಯೆದ್ದಿದ್ದವು, ಹೊದಿಕೆಗೆ ಕಲೆ ಬಿದ್ದಿತ್ತು. ಚೀಲಗಳ ಹೊರಮೈಗೆ ವಾಸನೆ ಹತ್ತಿತ್ತು. ಚೀಲ ಬಿಡಿಸಿದರೆ ಇಟ್ಟಿಗೆಗಳು ಕಾರ್ಖಾನೆಯಿಂದ ಈಗ ಬಂದಂತೆ ಹೊಳೆಯುತ್ತಿದ್ದವು. ಒಂದಕ್ಕೂ ಏನೂ ಆಗಿರಲಿಲ್ಲ.

ಆಗುವುದೂ ಇಲ್ಲ. ಲೆಗೊ ಇಟ್ಟಿಗೆ 1963ರಿಂದ ಎಬಿಎಸ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನದು. ಅದು ನೀರು ಹೀರುವುದು ತೀರ ಕಡಿಮೆ, ಬೂಷ್ಟಿಗೆ ಅದರಲ್ಲಿ ಆಹಾರವಿಲ್ಲ, ತುಕ್ಕು ಹಿಡಿಯಲು ಲೋಹವಿಲ್ಲ. 1958ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ ಜೋಡಣೆಯ ಅಳತೆ ಇಂದಿಗೂ ಅದೇ: ಇಟ್ಟಿಗೆಯ ಮೇಲಿನ ಉಬ್ಬಿನಿಂದ ಉಬ್ಬಿಗೆ 8 ಮಿ.ಮೀ., ಇಟ್ಟಿಗೆಯ ಎತ್ತರ 9.6 ಮಿ.ಮೀ. 1997ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ನೈಋತ್ಯ ತುದಿಯ ಬಳಿ ಟೋಕಿಯೊ ಎಕ್ಸ್‌ಪ್ರೆಸ್ ಎಂಬ ಹಡಗಿನಿಂದ ಕಂಟೇನರುಗಳು ಸಮುದ್ರಕ್ಕೆ ಬಿದ್ದವು. ಒಂದರಲ್ಲಿ ಸುಮಾರು 48 ಲಕ್ಷ ಲೆಗೊ ಭಾಗಗಳಿದ್ದವು. ಅಲ್ಲಿನ ಮರಳಿನಲ್ಲಿ ಅವು ಇಂದಿಗೂ ಸಿಗುತ್ತಿವೆ. ಕಡಲತೀರದಲ್ಲಿ ಸಿಕ್ಕ ಹಳೆಯ ಇಟ್ಟಿಗೆಗಳನ್ನು ಪರೀಕ್ಷಿಸಿದ ಪ್ಲಿಮತ್ ವಿಶ್ವವಿದ್ಯಾಲಯದ ವಿಜ್ಞಾನಿಗಳು, ಸಮುದ್ರದಲ್ಲಿ ಒಂದು ಇಟ್ಟಿಗೆ 100ರಿಂದ 1,300 ವರ್ಷ ಉಳಿಯಬಹುದೆಂದು 2020ರಲ್ಲಿ ಅಂದಾಜು ಮಾಡಿದರು. ಟ್ಯಾಗೋರ್ ಕಡಲತೀರಕ್ಕೆ ಮಕ್ಕಳ ಕೈಯಲ್ಲಿ ಬಿಡಿ ಪೀಸುಗಳನ್ನು ಕಳಿಸಬೇಡಿ ಎಂದು ನಾನು ಪೋಷಕರಿಗೆ ಹೇಳುವುದು ಇದಕ್ಕೇ.

ನಮ್ಮ ಹವೆ ಈ ಸೆಟ್‌ನಲ್ಲಿ ಕೆಡಿಸುವುದು ರಟ್ಟು, ಕಾಗದ, ಅಂಟು ಮತ್ತು ಬ್ಯಾಟರಿ. ಮರುಮಾರಾಟದ ಲೆಕ್ಕದಲ್ಲಿ ಬೆಲೆ ನಿಂತಿರುವುದು ಬಹುಪಾಲು ಇವುಗಳ ಮೇಲೆಯೇ, ಆಟ ನಿಂತಿರುವುದು ಇಟ್ಟಿಗೆಯ ಮೇಲೆ. ಈ ಮನೆಯವರಿಗೆ ನಾನು ಹೇಳಬೇಕಾಗಿದ್ದ ಮುಖ್ಯ ಮಾತು ಇದೇ: ಇಲ್ಲಿ ಕಾಯಲು ಕಷ್ಟವಾದದ್ದನ್ನು ಕಾಯುತ್ತಿದ್ದೀರಿ, ಕೆಡದೆ ಉಳಿಯುವುದನ್ನು ಮುಟ್ಟದೆ ಇಟ್ಟಿದ್ದೀರಿ.

ಬ್ಯಾಟರಿಯ ಉದಾಹರಣೆ ಅದೇ ಕೋಣೆಯಲ್ಲಿ ಸಿಕ್ಕಿತು. ಹುಡುಗನಿಗೆ ಮಾಮ ಹಿಂದೊಮ್ಮೆ ಆಡಲೆಂದೇ ಸೂಪರ್ ಮಾರಿಯೊದ ಆರಂಭಿಕ ಸೆಟ್ ಕೊಟ್ಟಿದ್ದ. ಅದರ ಮಾರಿಯೊ ಗೊಂಬೆಯ ಕಣ್ಣು, ಬಾಯಿ, ಎದೆಯಲ್ಲಿ ಪುಟ್ಟ ಪರದೆಗಳಿವೆ. ಕಾಲಡಿಯ ಸಂವೇದಕ ಬಣ್ಣವನ್ನೂ ಪಟ್ಟಿಗೆರೆಯನ್ನೂ (ಬಾರ್‌ಕೋಡ್) ಓದುತ್ತದೆ. ಎರಡು ಸಣ್ಣ ಎಎಎ ಸೆಲ್ ಬೇಕು. ಆಡಿ ಬಿಟ್ಟ ಮೇಲೆ ಸೆಲ್ ತೆಗೆದಿರಲಿಲ್ಲ, ಸೋರಿ ಬಿಳಿ ಹಿಟ್ಟು ಕಟ್ಟಿತ್ತು. ಕ್ಷಾರೀಯ ಸೆಲ್‌ನ ಸೋರಿಕೆಗೆ ತೆಳು ಹುಳಿ ಸಾಕು. ಕೈಗವಸು ಹಾಕಿಕೊಂಡು, ಹತ್ತಿಯ ಕಡ್ಡಿಗೆ ಒಂದು ಹನಿ ವಿನೆಗರ್ ತಾಗಿಸಿ ಲೋಹದ ಪಟ್ಟಿ ಒರೆಸಿ, ಚೆನ್ನಾಗಿ ಒಣಗಿಸಿದೆವು. ಗೊಂಬೆ ಎದ್ದು ಕೂತಿತು. ಹುಡುಗನ ಮುಖ ನೋಡಬೇಕಿತ್ತು.

ಮಾರುವ ದಾರಿ

ಅಣ್ಣನ ಮೊದಲ ಮಾತು, ‘ಇದ್ದದ್ದನ್ನು ಇದ್ದ ಬೆಲೆಗೆ ಮಾರಿಬಿಡೋಣ್ವಾ ಅಕ್ಕೋರೇ?’ ಅದನ್ನೂ ಕೂತು ಲೆಕ್ಕ ಹಾಕಿದೆವು. ನಿಂಟೆಂಡೊ ಸೆಟ್‌ನ ತಯಾರಿಕೆ ನಿಂತಿದೆ, ಕೇಳುವವರಿದ್ದಾರೆ. ಭಾರತ ಆಟಿಕೆಗಳ ಆಮದು ಸುಂಕವನ್ನು 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿಸಿದ ಮೇಲೆ ದೇಶದೊಳಗಿನ ಸಂಗ್ರಾಹಕರಿಗೆ ಇಂಥ ಪೆಟ್ಟಿಗೆ ಸಿಗುವುದು ಕಷ್ಟ, ಸಿಕ್ಕರೆ ದುಬಾರಿ. ಇಷ್ಟು ಮಾರುವವನ ಪರವಾಗಿದೆ. ಆದರೆ 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಹೊರದೇಶದ ಅಂಗಡಿಯಿಂದ ತಂದ ಪೆಟ್ಟಿಗೆಗೆ ಆ ಗುರುತು ಇರುವುದಿಲ್ಲವಾದ್ದರಿಂದ ಅಂಗಡಿಯವರು ಅದನ್ನು ಕೊಂಡು ಮಾರುವ ಹಾಗಿಲ್ಲ. ಉಳಿಯುವುದು ಸಂಗ್ರಾಹಕರ ನಡುವಿನ ಪರಿಚಯದ ವ್ಯವಹಾರ. ಅಂಥವರು ಮೊದಲು ಕೇಳುವುದೇ ಪೆಟ್ಟಿಗೆಯ ಆರೂ ಮುಖದ ಫೋಟೊ. ಬೂಷ್ಟು ಒರೆಸಿ, ಕಲೆ ಮುಚ್ಚಿ ಫೋಟೊ ಕಳಿಸುವವರೂ ಇದ್ದಾರೆ. ಈ ಮನೆಯಲ್ಲಿ ಆ ಯೋಚನೆ ಯಾರಿಗೂ ಬರಲಿಲ್ಲ ಎಂಬುದು ನನಗೆ ಸಮಾಧಾನದ ಸಂಗತಿ.

ಹೀಗಾಗಿ ಕುಸಿದ ಮೂರು ಪೆಟ್ಟಿಗೆಗಳಿಗೆ ‘ಸೀಲ್ ಒಡೆಯದ ಸೆಟ್’ ಎಂಬ ಬೆಲೆ ಇನ್ನು ಬರುವುದಿಲ್ಲ. ತೆರೆದು ಕಟ್ಟಿದ, ಎಲ್ಲ ಭಾಗಗಳೂ ಇರುವ ಸೆಟ್‌ಗೆ ಬರುವ ಬೆಲೆ ಬಂದೇ ಬರುತ್ತದೆ. ಅಂದ ಮೇಲೆ ಆ ಮೂರನ್ನು ತೆರೆಯುವುದರಿಂದ ಕಳೆದುಕೊಳ್ಳುವುದು ಹೆಚ್ಚೇನಿಲ್ಲ. ಇದನ್ನು ಹೇಳಿದಾಗ ಫೋನಿನ ಆಚೆ ಬಹಳ ಹೊತ್ತು ಮಾತಿಲ್ಲ. ಆಮೇಲೆ, ‘ನಿಂಟೆಂಡೊ ಮಾತ್ರ ನಾನು ಬಂದ ಮೇಲೆ ಕಟ್ಟಬೇಕಂತಿದ್ದೆ. ಆಗ್ಲಿ, ಅಪ್ಪನ ಕೈಯಲ್ಲಿ ಶುರು ಮಾಡ್ಸಿ,’ ಎಂದ.

ಮಾಡಿದ ಕೆಲಸ

ಮೊದಲು ಸೋನಿಕ್. ಈ ಸೆಟ್ ಬ್ರಿಟನ್ನಿನ ಅಭಿಮಾನಿಯೊಬ್ಬರ ಕಲ್ಪನೆ. ಅಭಿಮಾನಿಗಳು ತಮ್ಮ ಕಲ್ಪನೆ ಕಳಿಸುವ ಲೆಗೊ ಐಡಿಯಾಸ್ ಜಾಲತಾಣದಲ್ಲಿ 10,000 ಜನರ ಬೆಂಬಲ ಪಡೆದ ಮೇಲೆ ಕಂಪನಿ ಅದನ್ನು ತಯಾರಿಸಿತು. ಹುಡುಗನೂ ಅವನ ಇಬ್ಬರು ಗೆಳೆಯರೂ ಸೇರಿ ಕಟ್ಟಿದರು. ಸನ್ನೆ ಒತ್ತಿದರೆ ಸೋನಿಕ್ ಚಿಮ್ಮುವ ಭಾಗ ಮುಗಿದ ಕೂಡಲೇ ಉಳಿದದ್ದನ್ನು ಕಟ್ಟುವುದು ಒಂದು ದಿನ ತಡವಾಯಿತು, ಅಷ್ಟು ಆಡಿದರು. ಇಲ್ಲಿ ಒಂದು ಎಚ್ಚರ ಬೇಕಾಯಿತು. ಶಿರಸಿ ಮಾರಿಕಾಂಬಾ ಜಾತ್ರೆಯಲ್ಲಿ ಕೊಂಡ ಹೆಸರಿಲ್ಲದ ಬ್ಲಾಕ್‌ಗಳು ಹುಡುಗನ ಡಬ್ಬಿಯಲ್ಲಿದ್ದವು, ಎರಡೂ ಬೆರೆತವು. ಬೇರ್ಪಡಿಸುವುದು ಸುಲಭ: ಅಸಲಿಯ ಪ್ರತಿ ಉಬ್ಬಿನ ಮೇಲೂ ಕಂಪನಿಯ ಹೆಸರು ಮೂಡಿರುತ್ತದೆ. ಜಾತ್ರೆಯ ಬ್ಲಾಕ್‌ಗಳನ್ನು ನಾನು ಎಸೆಯಲು ಬಿಡಲಿಲ್ಲ. ಅವುಗಳಲ್ಲಿ ಅವನು ಕಾಳಿ ಸೇತುವೆ ಕಟ್ಟಿದ್ದ.

ನಿಂಟೆಂಡೊ ಸೆಟ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಅದರಲ್ಲಿ ಎರಡು ವಸ್ತುಗಳಿವೆ. ಒಂದು ಗೇಮ್ ಯಂತ್ರ: ಮುಚ್ಚಳ ಎತ್ತಿ ಕ್ಯಾಸೆಟ್ ತುರುಕಿ ಒತ್ತಿದರೆ ಕೆಳಗಿಳಿದು ಸಿಕ್ಕಿಕೊಳ್ಳುತ್ತದೆ. ಇನ್ನೊಂದು ಹಳೆಯ ಕಾಲದ ಟೀವಿ. ಟೀವಿಯ ಬದಿಯ ಹಿಡಿಕೆ ತಿರುಗಿಸಿದರೆ ಸಣ್ಣ ಇಟ್ಟಿಗೆಗಳಿಂದ ಕಟ್ಟಿದ ಪಟ್ಟಿಯೊಂದು ಸುತ್ತುತ್ತ ಆಟದ ದೃಶ್ಯ ಪರದೆಯಲ್ಲಿ ಸರಿಯುತ್ತದೆ, ಚಪ್ಪಟೆ ಮಾರಿಯೊ ಅಡೆತಡೆಗಳ ಮೇಲೆ ಏರಿ ಇಳಿಯುತ್ತಾನೆ. ವಿದ್ಯುತ್ ಇಲ್ಲ, ಮೋಟಾರ್ ಇಲ್ಲ, ಹಲ್ಲುಚಕ್ರ ಮತ್ತು ಕೈ ಅಷ್ಟೇ. ರಿಪೇರಿ ಮಾಡಿದ ಆ ಬ್ಯಾಟರಿ ಮಾರಿಯೊವನ್ನು ಟೀವಿಯ ತಲೆಯ ಮೇಲೆ ನಿಲ್ಲಿಸಿದರೆ, ಕೆಳಗೆ ಹಾದುಹೋಗುವ ಶತ್ರು ಮತ್ತು ನಾಣ್ಯಗಳಿಗೆ ತಕ್ಕಂತೆ ಅವನು ಸದ್ದು ಮಾಡುತ್ತಾನೆ. ಇಂಥ ಯಂತ್ರವನ್ನು ಯಾರೋ ವರ್ಷಗಟ್ಟಲೆ ಯೋಚಿಸಿ ಮಾಡಿರುವುದು ತಿರುಗಲೆಂದೇ. ಅದು ಚೀಲದಲ್ಲೇ ಉಳಿದರೆ ನನಗೆ ನಿಜವಾಗಿ ದುಃಖವಾಗುತ್ತದೆ.

ಪಟ್ಟಿ ಕಟ್ಟುವ ಕೆಲಸ ಬೇಸರದ್ದು, ಒಂದೇ ಬಗೆಯ ಜೋಡಣೆ ಮತ್ತೆ ಮತ್ತೆ. ಹುಡುಗನಿಗೆ ತಾಳ್ಮೆ ಸಾಲಲಿಲ್ಲ. ಅಜ್ಜ ಮೊದಲು ಬಣ್ಣ ವಿಂಗಡಿಸಿ ಕೊಡಲು ಕೂತರು, ಆಮೇಲೆ ಪಟ್ಟಿಯನ್ನು ಪೂರ್ತಿ ಅವರೇ ಮುಗಿಸಿದರು. ಕಲೆ ಬಿದ್ದ ಕೈಪಿಡಿಯ ಒಂದೆರಡು ಪುಟ ಓದಲಾಗದೆ ಹೋದಾಗ ಮೊಬೈಲ್‌ನಲ್ಲಿ ಕಂಪನಿಯ ಜಾಲತಾಣ ತೆರೆದುಕೊಂಡೆವು. ಇಂಥ ಈಚಿನ ಸೆಟ್‌ಗಳ ಕೈಪಿಡಿ ಅಲ್ಲಿ ಪುಕ್ಕಟೆ ಸಿಗುತ್ತದೆ, ಕೈಪಿಡಿ ಹಾಳಾಯಿತೆಂದು ಕೈಚೆಲ್ಲಬೇಕಿಲ್ಲ.

ಪ್ಯಾಕ್-ಮ್ಯಾನ್ ಪೆಟ್ಟಿಗೆಯನ್ನು ಉಳಿಸಿಕೊಳ್ಳಲು ಆಗಲಿಲ್ಲ. ಮುಂಭಾಗದ ಚಿತ್ರ ಮಾತ್ರ ಕತ್ತರಿಸಿ, ಒಣಗಿಸಿ, ಗಾಜಿನ ಚೌಕಟ್ಟಿಗೆ ಕೊಟ್ಟೆವು. ವಾಸನೆ ಹತ್ತಿದ ಚೀಲಗಳ ಇಟ್ಟಿಗೆಗಳನ್ನು ಉಗುರುಬೆಚ್ಚನೆಯ ಸಾಬೂನು ನೀರಲ್ಲಿ ತೊಳೆದೆವು. ನೀರಿನ ಬಿಸಿ 40 ಡಿಗ್ರಿ ಸೆಲ್ಸಿಯಸ್ ಮೀರಬಾರದು. ಒಣಗಿಸಿದ್ದು ನೆರಳಲ್ಲಿ, ಫ್ಯಾನಿನ ಕೆಳಗೆ. ಮಳೆ ನಿಂತ ಕೂಡಲೇ ಎಲ್ಲವನ್ನೂ ಅಂಗಳದ ಬಿಸಿಲಿಗೆ ಹರಡುವುದು ನಮ್ಮ ಅಭ್ಯಾಸ, ಇಟ್ಟಿಗೆಗೆ ಅದು ಬೇಡ. ಬಿಸಿಲಿನ ಅತಿನೇರಳೆ ಕಿರಣಕ್ಕೆ ಬಿಳಿ ಮತ್ತು ಬೂದು ಇಟ್ಟಿಗೆ ಹಳದಿಗಟ್ಟುತ್ತದೆ. ಪ್ಯಾಕ್-ಮ್ಯಾನ್ ಸೆಟ್‌ನಲ್ಲಿ ನಾಣ್ಯದ ಕಿಂಡಿ ಬೆಳಗಲು ಬೆಳಕಿನ ಇಟ್ಟಿಗೆಯೊಂದಿದೆ, ಅದರೊಳಗೆ ಗುಂಡಿ ಸೆಲ್. ಅದನ್ನು ತೊಳೆಯಲಿಲ್ಲ, ಒರೆಸಿ ಪರೀಕ್ಷಿಸಿದೆವು, ಬೆಳಗಿತು. ಗುಂಡಿ ಸೆಲ್ ಚಿಕ್ಕ ಮಕ್ಕಳ ಬಾಯಿಗೆ ಹೋದರೆ ಪ್ರಾಣಕ್ಕೇ ಅಪಾಯ. ಆದ್ದರಿಂದ ಅದರ ಜವಾಬ್ದಾರಿ ತಾಯಿಯದು ಎಂದು ಮಾತಾಯಿತು.

ಉಳಿದ ಎರಡು

ಮಾರಿಯೊ 64 ಮತ್ತು ಅಟಾರಿಯನ್ನು ಮುಚ್ಚಿಯೇ ಇಡುವುದೆಂದು ತೀರ್ಮಾನ. ಇದಕ್ಕೆ ನಾನು ಅಡ್ಡಬರಲಿಲ್ಲ. ಪೆಟ್ಟಿಗೆ ಸರಿಯಿದ್ದು, ಇಡಲು ಸರಿಯಾದ ಜಾಗವಿದ್ದರೆ ಅದೂ ಒಂದು ಉಳಿತಾಯವೇ. ಮಾರಿಯೊ ಪೆಟ್ಟಿಗೆಯ ಬೂಷ್ಟನ್ನು ಹೊರಗೆ ಗಾಳಿಯಲ್ಲಿ, ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಮೆತ್ತನೆಯ ಒಣ ಬ್ರಶ್‌ನಿಂದ ತೆಗೆದೆವು. ನೀರಾಗಲಿ ಬ್ಲೀಚ್ ಆಗಲಿ ತಾಗಿಸಲಿಲ್ಲ. ಮಸುಕು ಕಲೆ ಉಳಿದಿದೆ. ಅದರ ಫೋಟೊ ತೆಗೆದು ದಿನಾಂಕ ಹಾಕಿಟ್ಟಿದ್ದೇವೆ, ಕೊಳ್ಳುವವರು ಬಂದರೆ ಮೊದಲು ತೋರಿಸುವುದು ಅದನ್ನೇ.

ಕೋಣೆಯಲ್ಲಿ ಜಾಗವೂ ಬದಲಾಯಿತು. ಪಶ್ಚಿಮದ ಗೋಡೆಯಿಂದ ಒಳಗಿನ ಗೋಡೆಗೆ, ಗೋಡೆಯಿಂದ ಒಂದು ಗೇಣು ಬಿಟ್ಟು. ಒಂದರ ಮೇಲೊಂದು ಇಡದೆ ಪಕ್ಕಪಕ್ಕ ನಿಲ್ಲಿಸಿದೆವು. ರಬ್ಬರ್ ಅಂಚಿನ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಒಳಗೆ ತೇವ ಹೀರಿ ಬಣ್ಣ ಬದಲಾಗುವ ಸಿಲಿಕಾ ಜೆಲ್, ಜೊತೆಗೆ ಹೊರಗಿನಿಂದ ಓದುವ ಹಾಗೆ ಪುಟ್ಟ ತೇವಮಾಪಕ. ಮಳೆ ಪೂರ್ತಿ ಹೋಗಿ ಗಾಳಿ ಒಣಗುವವರೆಗೆ ಮುಚ್ಚಳ ಬಿಗಿಯಲಿಲ್ಲ. ಮಾಪಕ 60 ದಾಟಿದರೆ ಜೆಲ್ ಬಿಸಿ ಮಾಡಿ ಮತ್ತೆ ಇಡುವುದು ಅಜ್ಜನ ಕೆಲಸ. ಅವರು ಅದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡುತ್ತಿದ್ದಾರೆ.

ಅಟಾರಿಯ ಬಗ್ಗೆ ಇನ್ನೂ ಒಂದು ಮಾತು ಬಾಕಿಯಿದೆ. ಮುಂದಿನ ಮಳೆಗಾಲದ ಮೊದಲು ಅದನ್ನು ಧಾರವಾಡದ ಸಂಬಂಧಿಕರ ಮನೆಗೆ ಕಳಿಸಬೇಕೆಂಬುದು ತಂಗಿಯ ಸಲಹೆ. ಘಟ್ಟದ ಮೇಲಿನ ಒಣಹವೆ ರಟ್ಟಿಗೆ ಒಳ್ಳೆಯದು, ನನ್ನ ಅಭಿಪ್ರಾಯವೂ ಅದೇ. ಹುಡುಗನ ವಾದ ಬೇರೆ: ಕಟ್ಟಿ ತೆರೆದರೆ ಅದರೊಳಗೆ 1980ರ ದಶಕದ ಪುಟ್ಟ ಕೋಣೆ ಎದ್ದು ನಿಲ್ಲುತ್ತದಂತೆ, ಅದನ್ನು ನೋಡದೆ ಹೇಗೆ ಕಳಿಸುವುದು? ಮಾಮ ರಜೆಗೆ ಬಂದಾಗ ಇಬ್ಬರೂ ಕೂತು ತೀರ್ಮಾನಿಸುತ್ತಾರೆ.